ಅಫಾಫಳ ಕಾರ್ಡು

ಸತ್ತುಹೋದ ಅಫಾಫ್ ದಿನವೂ ಸಂಜೆ ಬದನೆಕಾಯಿಯ ಬಗ್ಗೆ ಮಾತಾಡುತ್ತಿದ್ದಳು. ವಗೀಹನಿಗೆ ಸಹಿಸಲಾಗದೆ ಹೋದದ್ದು ಅದು.

ಅಲೆಕ್ಸಾಂಡ್ರಿಯಾದ ಮುಹರ್ರಮ್ ಬೇ ಬಡಾವಣೆಯ ಆ ಹಳೆಯ ಕಟ್ಟಡದ ಮೆಟ್ಟಿಲು ಹತ್ತುವಾಗಲೇ ಬಾಗಿಲಾಚೆಯಿಂದ ಅವಳ ಧ್ವನಿ ಕೇಳುತ್ತಿತ್ತು. ‘ಇಂದು ಬದನೆಕಾಯಿ ಕಹಿಯಾಗಿತ್ತು. ಬುಸೈನಾ ಉಪ್ಪನ್ನು ಮರೆತಿದ್ದಳು. ಸಮುದ್ರದ ಕಡೆಯಿಂದ ಗಾಳಿ ಬೀಸಿತು.’ ಗಂಡ ಬಯೂಮಿ ಮೇಷ್ಟ್ರು ದಿನದ ಸುದ್ದಿಯನ್ನೆಲ್ಲ ಹಳೆಯ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದರು, ಹೆಂಡತಿ ಅದನ್ನು ಓದಿ ಹೇಳುತ್ತಿದ್ದಳು. ಮೇಷ್ಟ್ರು ಹುಟ್ಟುಕುರುಡರು, ಅಂಧರ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅಫಾಫ್ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರಿಗಿದ್ದದ್ದು ತಂಗಿ ಬುಸೈನಾಳ ಬಾಯಿ ಮತ್ತು ಈ ಧ್ವನಿ, ಎರಡೇ.

ಧ್ವನಿ ಇದ್ದದ್ದು ಒಂದು ಕಾರ್ಡಿನಲ್ಲಿ. ಅಂಗೈಗಿಂತ ಸ್ವಲ್ಪ ಉದ್ದದ ಹಸಿರು ಹಲಗೆ, ಅದರ ಮೇಲೆ ಕಪ್ಪು ಚಿಪ್ಪುಗಳು. ಕಂಪ್ಯೂಟರಿನ ಹೊಟ್ಟೆಯೊಳಗಿನ ಸೀಳಿಗೆ ಚುಚ್ಚಿದರೆ ಟೈಪು ಮಾಡಿದ್ದನ್ನೆಲ್ಲ ಅರಬ್ಬಿಯಲ್ಲಿ ಓದುತ್ತದೆ. ಈಗಿನ ಯಾವ ಯಂತ್ರದಲ್ಲೂ ಆ ಸೀಳು ಇಲ್ಲ. ಆ ಕಾರ್ಡನ್ನು ಮಾಡಿದವನು ವಗೀಹ್.

ಅತ್ತಾರೀನ್ ಸಂತೆಯಲ್ಲಿ, ಹಳೆಯ ದೀಪಗುಚ್ಛ ಮಾರುವವರ ಸಾಲಿನ ಕೊನೆಯಲ್ಲಿ ಅವನ ಅಂಗಡಿ. ಅಲೆಕ್ಸಾಂಡ್ರಿಯಾದಲ್ಲಿ ಇನ್ನೂ ಉಸಿರಾಡುತ್ತಿದ್ದ ಹಳೆಯ ಕಂಪ್ಯೂಟರುಗಳೆಲ್ಲ ಉಸಿರಾಡುತ್ತಿದ್ದದ್ದು ಅವನ ಕೈಯ ಕಾರ್ಡುಗಳಿಂದ. ನೇಯ್ಗೆ ಕಾರ್ಖಾನೆಯ ಮಗ್ಗ, ಬಂದರಿನ ಲಾರಿ ತೂಗುವ ಕಟ್ಟೆ, ಒಬ್ಬ ಹಟಮಾರಿ ದಂತವೈದ್ಯನ ಎಕ್ಸ್-ರೇ. ಹೊಸ ಯಂತ್ರಕ್ಕೆ ಹಳೆಯ ತಂತ್ರಾಂಶ ಒಗ್ಗದು, ಹಳೆಯ ಯಂತ್ರಕ್ಕೆ ಬಿಡಿಭಾಗ ಸಿಗದು, ನಡುವೆ ವಗೀಹ್. ಸಂತೆಯವರು ಅವನನ್ನು ‘ಸ್ಮಶಾನದ ಡಾಕ್ಟರ್’ ಎಂದು ಆಡಿಕೊಳ್ಳುತ್ತಿದ್ದರು. ಅವನಿಗೆ ಅದರಿಂದ ಬೇಜಾರಿರಲಿಲ್ಲ, ಒಳಗೊಳಗೇ ಸ್ವಲ್ಪ ಜಂಬವೇ ಇತ್ತು.

ಅವನ ಬೇಜಾರಿನ ಬೇರು ಇದ್ದದ್ದು ಬೇರೆ ಕಡೆ. ಯೌವನದಲ್ಲಿ, ಕುರುಡರಿಗಾಗಿ ಮಾತಾಡುವ ಕಾರ್ಡು ಮಾಡಲು ಹೊರಟಾಗ, ರೇಡಿಯೋದಲ್ಲಿ ಸುದ್ದಿ ಓದುವ ಒಬ್ಬ ಹುಡುಗಿಯನ್ನು ಕರೆಸಿದ್ದ. ಅಫಾಫ್ ವಾರಗಟ್ಟಲೆ ಅವನ ಕೋಣೆಯಲ್ಲಿ ಕೂತು, ಮೈಕಿನ ಮುಂದೆ ಒಂದೊಂದೇ ಅಕ್ಷರ ಒಪ್ಪಿಸಿದಳು. ಟ್ರಾಮಿನ ಸದ್ದು ನುಗ್ಗಿದರೆ ಮತ್ತೊಮ್ಮೆ, ಕೆಮ್ಮು ಬಂದರೆ ಮತ್ತೊಮ್ಮೆ. ‘ಆ’ದಿಂದ ‘ಯಾ’ದವರೆಗೆ ಹೋಗುವುದರೊಳಗೆ ವಗೀಹ್ ಬಿದ್ದುಹೋಗಿದ್ದ. ಹೇಳಲು ಮಾತ್ರ ನಾಲಿಗೆ ಏಳಲಿಲ್ಲ. ಕಾರ್ಡು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡ.

ಕಾರ್ಡು ಮುಗಿಯುವ ದಿನ ಅವನು ಚಹಾ ಮಾಡಲು ಒಳಗೆ ಹೋಗಿದ್ದಾಗ ಅಫಾಫ್ ಬೆಸುಗೆ ಕಡ್ಡಿ ಎತ್ತಿಕೊಂಡು ಹಲಗೆಯ ಹಿಂಬದಿಯ ಖಾಲಿ ಮೂಲೆಯಲ್ಲಿ ತವರದ ಹನಿ ಹಾಕುತ್ತ ಕೂತಿದ್ದಳು. ಏನೂ ಜೋಡಿಸದೆ ಸುಮ್ಮನೆ ಬಿಟ್ಟ ತೂತುಗಳ ಮೂಲೆ ಅದು. ಮುದ್ದೆ ಮುದ್ದೆ ಹನಿಗಳು, ಒಂದಕ್ಕೊಂದು ಸಾಲಿಲ್ಲ.

“ನಿಮ್ಮ ಬೋರ್ಡು ಹಾಳ್ಮಾಡ್ಬಿಟ್ಟೆ ನೋಡಿ” ಎಂದು ನಕ್ಕಳು.

“ಇರ್ಲಿ ಬಿಡಿ. ನಿಮ್ಮ ಗುರುತು ಇರ್ಲಿ” ಎಂದ ವಗೀಹ್. ಅವನ ಇಡೀ ಆಯುಸ್ಸಿನ ಪ್ರೇಮ ನಿವೇದನೆ ಅಷ್ಟೇ.

ಮಾರನೆಯ ದಿನ ಅವಳನ್ನು ಅಂಧರ ಶಾಲೆಗೆ ಕರೆದೊಯ್ದವನೂ ಅವನೇ. ಬಯೂಮಿ ಮೇಷ್ಟ್ರಿಗೆ ಆಗ ಮೀಸೆ ಕಪ್ಪು. ವಗೀಹ್ ಕಾರ್ಡನ್ನು ಅವರ ಕೈಗಿಟ್ಟ. ಮೇಷ್ಟ್ರು ಅದನ್ನು ತಿರುಗಿಸಿ ಮುರುಗಿಸಿ ಸವರಿದರು, ಮುಖ ಅರಳಿತು, ಬಾಗಿಲ ಕಡೆ ತಿರುಗಿ, “ಅಫಾಫ್?” ಎಂದರು.

ಅಫಾಫ್ ಇನ್ನೂ ಬಾಯೇ ಬಿಟ್ಟಿರಲಿಲ್ಲ. ವಗೀಹ್ ಅವಳ ಹೆಸರು ಹೇಳಿರಲಿಲ್ಲ. ಆದರೂ ಅವಳು ಕಿವಿಯವರೆಗೆ ಕೆಂಪಾಗಿ, “ಹೌದು, ನಾನೇ” ಎಂದಳು. ಆ ಕ್ಷಣ ವಗೀಹನಿಗೆ ಎಲ್ಲ ಅರ್ಥವಾಯಿತು, ಅಥವಾ ಅರ್ಥವಾಯಿತು ಎಂದುಕೊಂಡ. ಇವರಿಬ್ಬರಿಗೆ ಮೊದಲೇ ಪರಿಚಯವಿದೆ. ತನ್ನೆದುರು ನಾಟಕ ಆಡುತ್ತಿದ್ದಾರೆ. ವಾರಗಟ್ಟಲೆ ತನ್ನ ಕೋಣೆಯಲ್ಲಿ ಕೂತು ನಕ್ಕದ್ದೆಲ್ಲ ಸುಳ್ಳು. ವರ್ಷ ಕಳೆಯುವುದರೊಳಗೆ ಅವರ ಮದುವೆಯಾಯಿತು. ವಗೀಹ್ ಮದುವೆಯ ಸಿಹಿ ತಿಂದ, ಮನೆಯ ಗೆಳೆಯನಾದ, ಶುಕ್ರವಾರದ ಊಟಕ್ಕೆ ಕಾಯಂ ಆದ. ಅವರಿಗೆ ಮೊದಲೇ ಹೇಗೆ ಪರಿಚಯ ಎಂದು ಒಂದು ದಿನವೂ ಕೇಳಲಿಲ್ಲ. ಮೋಸ ಹೋದವನು ತಾನೇ ಬಾಯಿಬಿಟ್ಟು ಕೇಳುವುದು ಅವಮಾನವೆಂದು ತಿಳಿದ.

ಅವಳು ಬದುಕಿದ್ದಾಗ ಹೇಗೋ ಹಲ್ಲುಕಚ್ಚಿ ತಡೆದುಕೊಂಡಿದ್ದ. ಶ್ವಾಸಕೋಶದ ಕಾಯಿಲೆಯಲ್ಲಿ ಅವಳು ಹೋದ ಮೇಲೂ ಗಂಡನಿಗೆ ಬದನೆಕಾಯಿಯ ವರದಿ ಒಪ್ಪಿಸುತ್ತಿದ್ದದ್ದು ಮಾತ್ರ ಅವನ ಹೊಟ್ಟೆಗೆ ಬೆಂಕಿ ಇಟ್ಟಿತು. ಆ ಧ್ವನಿ ನನ್ನದು, ಎಂದುಕೊಂಡ. ಅಕ್ಷರ ಅಕ್ಷರ ಹೆಕ್ಕಿ ಚಿಪ್ಪಿನಲ್ಲಿ ತುಂಬಿದವನು ನಾನು. ಹೆಂಡತಿ ಅವನಿಗೆ ಸಿಕ್ಕಳು, ಸಾಕು. ಧ್ವನಿಯೂ ಅವನಿಗೇ ಏಕೆ?

ಚಿಪ್ಪುಗಳನ್ನು ನಕಲು ಮಾಡಿಕೊಳ್ಳುವುದು ಅವನಿಗೆ ಒಂದು ಚಹಾ ಆರುವಷ್ಟರಲ್ಲಿ ಮುಗಿಯುವ ಕೆಲಸ. ಕೇಳಿದ್ದರೆ ಮೇಷ್ಟ್ರು ಬೇಡವೆನ್ನುತ್ತಲೂ ಇರಲಿಲ್ಲ. ಆದರೆ ನಕಲು ಮಾಡಿದರೆ ಧ್ವನಿ ಅಲ್ಲಿಯೂ ಉಳಿಯುತ್ತದಲ್ಲ? ಅವನಿಗೆ ಬೇಕಾದದ್ದು ಅವಳು ಆ ಮನೆ ಬಿಟ್ಟು ಬರುವುದು.

ಆದ್ದರಿಂದ ಅಫಾಫ್ ಎರಡನೆಯ ಸಲ ಸಾಯಬೇಕಾಗಿತ್ತು.

ಚಳಿಗಾಲದ ಮೊದಲ ಬಿರುಗಾಳಿ ಬರುವವರೆಗೆ ಕಾದ. ಅಲೆಕ್ಸಾಂಡ್ರಿಯಾದವರು ಆ ಗಾಳಿಯನ್ನು ‘ಪೊರಕೆ’ ಎನ್ನುತ್ತಾರೆ, ಬೀದಿಯನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆಂದು. ಆ ದಿನಗಳಲ್ಲಿ ಏನು ಕೆಟ್ಟರೂ ಊರಿನವರು ಬೈಯುವುದು ಸಮುದ್ರವನ್ನು. ಬಾಗಿಲು ಬಿಗಿಯಾದರೆ ಸಮುದ್ರ, ಮಂಡಿ ನೋವಾದರೆ ಸಮುದ್ರ, ಸೊಸೆ ಎದುರಾಡಿದರೂ ಸಮುದ್ರ. ಉಪ್ಪುಗಾಳಿ ಕಾರ್ಡಿನ ಚಿನ್ನದ ಅಂಚಿಗೆ ಮಂಕು ಬರಿಸುವುದರಿಂದ ಪ್ರತಿ ಚಳಿಗಾಲದಲ್ಲೂ ವಗೀಹ್ ಬಂದು ಪೆನ್ಸಿಲಿನ ರಬ್ಬರಿನಿಂದ ಉಜ್ಜಿಕೊಡುವುದು ರೂಢಿ. ಈ ಸಲವೂ ಉಜ್ಜಿದ. ಉಜ್ಜಿದ ಮೇಲೆ ಆ ಅಂಚಿನ ಒಂದು ಹಲ್ಲಿಗೆ ಮಾತ್ರ, ವಿದ್ಯುತ್ತು ಸರಿಯಾಗಿ ಹಾಯದಂತೆ, ಬಣ್ಣವಿಲ್ಲದ ಉಗುರು ಪಾಲಿಶನ್ನು ತೆಳ್ಳಗೆ ಸವರಿದ.

“ಏನಿದು ವಾಸನೆ?” ಎಂದರು ಮೇಷ್ಟ್ರು ತಕ್ಷಣ.

“ಸ್ಪಿರಿಟ್ಟು. ಹೊಸ ಬಾಟ್ಲಿ.”

“ಹೆಂಗಸ್ರ ವಾಸ್ನೆ ಬರ್ತಿದೆ ಮಾರಾಯ. ಈ ವಯಸ್ಸಲ್ಲಿ ಯಾರಾದ್ರೂ ಸಿಕ್ಕಿದ್ರಾ ನಿಂಗೆ?”

ಅಡುಗೆಮನೆಯಿಂದ ಬುಸೈನಾ ಕೂಗಿದಳು. “ಸಿಕ್ಕಿದ್ರೆ ನನಗೊಂದು ಮಾತು ಹೇಳಿ ಇಂಜಿನಿಯರ್ ಸಾಹೇಬ್ರೇ, ಆ ಪುಣ್ಯಾತ್ಗಿತ್ತಿ ಕಣ್ಣನ್ನೂ ಒಂದ್ಸಲ ಟೆಸ್ಟ್ ಮಾಡಿಸ್ಬೇಕು!”

ಎಲ್ಲರೂ ನಕ್ಕರು. ವಗೀಹನೂ ನಕ್ಕ. ನಗುವಾಗಲೇ ಒಂದು ಪಾಠ ಕಲಿತ: ಈ ಮನುಷ್ಯನಿಗೆ ಕಣ್ಣಿಲ್ಲ, ಆದರೆ ಮೂಗಿದೆ, ಕಿವಿಯಿದೆ, ಬೆರಳಿದೆ. ಮೂರನ್ನೂ ಬೇರೆ ಬೇರೆಯಾಗಿ ಮೋಸಗೊಳಿಸಬೇಕು.

ಚಹಾಕ್ಕೆ ಸಕ್ಕರೆ ಬೇಕಾಗಿ ಅಡುಗೆಮನೆಗೆ ಹೋದ. ಕಪಾಟಿನ ಡಬ್ಬಿಗಳ ಮೇಲೆ ಅಫಾಫ್ ಅಂಟಿಸಿದ ದಪ್ಪ ಪಟ್ಟಿಗಳು ಇನ್ನೂ ಹಾಗೇ ಇದ್ದವು, ಉಬ್ಬು ಚುಕ್ಕಿಗಳ ಪಟ್ಟಿಗಳು. ಮೇಷ್ಟ್ರಿಗೆ ಯಾವುದು ಉಪ್ಪು, ಯಾವುದು ಸಕ್ಕರೆ ಎಂದು ತಿಳಿಯಲಿಕ್ಕೆ. ವಗೀಹ್ ಆ ಚುಕ್ಕಿಗಳನ್ನು ಮದುವೆಯಾದ ಹೊಸತರಿಂದಲೂ ನೋಡುತ್ತ ಬಂದಿದ್ದ. ಅದನ್ನು ಓದಲು ಕಲಿಯಬೇಕೆಂದು ಎಂದೂ ಅನಿಸಿರಲಿಲ್ಲ. ಮುಚ್ಚಳ ತೆಗೆದು, ನೆಕ್ಕಿ ನೋಡಿ, ಸಕ್ಕರೆ ಹಾಕಿಕೊಂಡ.

ಕೆಲವೇ ದಿನಗಳಲ್ಲಿ ಧ್ವನಿ ತೊದಲತೊಡಗಿತು. ಪದದ ನಡುವೆ ಅಕ್ಷರ ನುಂಗುತ್ತಿತ್ತು, ಉಸಿರು ಸಿಕ್ಕಿಕೊಂಡಂತೆ ನಿಲ್ಲುತ್ತಿತ್ತು. ಮೇಷ್ಟ್ರು ಫೋನು ಮಾಡಿದರು.

“ವಗೀಹ್, ಅವಳಿಗೆ ಮತ್ತೆ ಅದೇ ಕಾಯಿಲೆ ಬಂದ ಹಾಗಿದೆ ಕಣೋ. ಕೊನೇ ದಿನಗಳಲ್ಲಿ ಹೀಗೇ ಮಾತಾಡ್ತಿದ್ಲು. ನಂಗೆ ಕೇಳೋಕೆ ಆಗ್ತಿಲ್ಲ.”

ಇದೊಂದನ್ನು ವಗೀಹ್ ಯೋಚಿಸಿರಲಿಲ್ಲ. ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡ ಸರಿಸಿ ಅವಳು, “ವಗೀಹ್, ಇವರನ್ನ ನೋಡ್ಕೊಳಿ” ಎಂದದ್ದು ನೆನಪಾಯಿತು. ಅವನಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಆದರೆ ಬಾಯಿಂದ ಬಂದದ್ದು ಬೇರೆ: “ಸಮುದ್ರದ ಗಾಳಿ, ಬಯೂಮಿ. ಅಂಗಡಿಗೆ ತಗೊಂಡ್ಹೋಗಿ ನೋಡ್ತೀನಿ.”

ಮೇಷ್ಟ್ರು ತಾವೇ ಕಾರ್ಡನ್ನು ಹಳೆಯ ಉಣ್ಣೆ ಶಾಲಿನಲ್ಲಿ ಸುತ್ತಿ ಕೊಟ್ಟರು. ಅಫಾಫಳ ಶಾಲು. ಕೊಡುವ ಮೊದಲು ಬೆರಳು ಒಂದು ಸಲ ಹಲಗೆಯ ಹಿಂಬದಿಯ ಮೂಲೆಯನ್ನು ಸವರಿತು, ಮಗುವಿನ ತಲೆ ಸವರಿದಂತೆ. ವಗೀಹ್ ಅದನ್ನು ನೋಡಿದ. ಗಂಡನಿಗೂ ಆ ಹನಿಗಳು ಗೊತ್ತು ಎಂದಾಯಿತು. ಅವಳ ಕೈ ಗುರುತು ಎಂದು ಅವಳೇ ಹೇಳಿರಬೇಕು. ಸರಿ, ಅದನ್ನೂ ಮಾಡೋಣ.

ಅಂಗಡಿಯ ಕಪಾಟಿನಲ್ಲಿ ಅದೇ ಕಾಲದ, ಅದೇ ಅಚ್ಚಿನ ಇನ್ನೊಂದು ಹಲಗೆ ಇತ್ತು, ಮಾದರಿಗೆಂದು ಮಾಡಿಟ್ಟದ್ದು, ಧ್ವನಿ ತುಂಬದ್ದು. ವಗೀಹ್ ಷಟರು ಅರ್ಧ ಎಳೆದು ಕೂತ. ಅವನ ಬದುಕಿನ ಅತ್ಯಂತ ಚೆಂದದ ಕೆಲಸ ಅದೇ ಇರಬೇಕು. ಅಸಲು ಕಾರ್ಡಿನ ಅಂಚಿನಲ್ಲಿ ಒಂದು ಕಡೆ ಅರ ಜಾರಿ ಗೀರಾಗಿತ್ತು. ಇದರಲ್ಲೂ ಅಳೆದು ಅಲ್ಲೇ ಗೀರಿದ. ಕಾರ್ಡನ್ನು ಯಂತ್ರಕ್ಕೆ ಬಿಗಿಯುವ ತಗಡಿನ ಪಟ್ಟಿ ಎಷ್ಟು ಬಾಗಿತ್ತೋ ಅಷ್ಟೇ ಬಾಗಿಸಿದ. ತನ್ನ ಹಳೆಯ ಬೆಸುಗೆಯ ಒಂದೊಂದು ಕಾಲನ್ನೂ ಭೂತಗನ್ನಡಿ ಹಿಡಿದು ಹೋಲಿಸಿ, ಉದ್ದ ಗಿಡ್ಡ ಸರಿಮಾಡಿದ. ಧೂಳು ಮೆತ್ತಿದ. ಒಂದು ಚಿಪ್ಪಿಗೆ ತಪ್ಪು ವಿದ್ಯುತ್ತು ಹಾಯಿಸಿ ಸುಟ್ಟ. ಕರಕಲು ವಾಸನೆ ಹಲಗೆಗೆ ಹಿಡಿಯಿತು, ಅದು ಮೇಷ್ಟ್ರ ಮೂಗಿಗೆ.

ಕೊನೆಗೆ ಅವಳ ಹನಿಗಳು. ತನ್ನ ಕೆಲಸದ ವಿಷಯದಲ್ಲಿ ಕೂದಲೆಳೆಯಷ್ಟೂ ಬಿಡದ ವಗೀಹ್ ಇಲ್ಲಿ ಮಾತ್ರ ಅಳೆಯಲಿಲ್ಲ. ಕೈ ಪಳಗದ ಹುಡುಗಿಯ ಚೆಲ್ಲಾಟಕ್ಕೆ ಅಳತೆ ಎಲ್ಲಿಂದ ಬರಬೇಕು? ಅದರ ಒರಟುತನ ಬಂದರೆ ಸಾಕು. ಕಡ್ಡಿಯನ್ನು ಎಡಗೈಗೆ ಬದಲಿಸಿಕೊಂಡ, ಕೈ ನಡುಗಲಿ ಎಂದು. ಅದೇ ಮೂಲೆಯಲ್ಲಿ, ಅಷ್ಟೇ ದಪ್ಪಕ್ಕೆ, ಅಲ್ಲೊಂದು ಇಲ್ಲೊಂದು ಹನಿ ಬಿಟ್ಟ. ಆಮೇಲೆ ಕಣ್ಣು ಮುಚ್ಚಿ ಎರಡು ಕಾರ್ಡನ್ನೂ ಕೈ ಬದಲಿಸಿ ಬದಲಿಸಿ ಸವರಿದ. ಯಾವುದು ಯಾವುದೆಂದು ಅವನಿಗೇ ತಿಳಿಯಲಿಲ್ಲ. ಕಣ್ಣು ಮುಚ್ಚಿದ ಮಾತ್ರಕ್ಕೆ ತಾನೂ ಬಯೂಮಿಯಾದೆ ಎಂದುಕೊಂಡು ಮೆಲ್ಲನೆ ಶಿಳ್ಳೆ ಹಾಕಿದ.

“ಚಿಪ್ಪು ಒಳಗೇ ಸುಟ್ಟುಹೋಗಿದೆ” ಎಂದು ಮೇಷ್ಟ್ರ ಮನೆಯಲ್ಲಿ ಹೇಳುವಾಗ ಧ್ವನಿಯನ್ನು ಎಷ್ಟು ಬೇಕೋ ಅಷ್ಟೇ ಇಳಿಸಿದ. “ಇನ್ನು ಮಾಡೋಕೆ ಏನೂ ಇಲ್ಲ, ಬಯೂಮಿ.”

ಮೇಷ್ಟ್ರು ಅವನ ಕಡೆ ಮುಖ ತಿರುಗಿಸಿದರು. “ನಕಲು ಏನಾದ್ರೂ ಇಟ್ಕೊಂಡಿದ್ಯಾ?”

“ಆ ಕಾಲದ ರೆಕಾರ್ಡಿಂಗ್ ಟೇಪುಗಳಿಗೆಲ್ಲ ಬೂಷ್ಟು ಹಿಡಿದಿತ್ತು, ಎಸೆದೆ.” ಇದು ನಿಜವೇ ಆಗಿತ್ತು. ನಿಜ ಹೇಳುವಾಗ ಅವನಿಗೆ ಎಷ್ಟೋ ಹಗುರಾಯಿತು.

“ಹೋಗ್ಲಿ. ಸತ್ತಿದ್ದನ್ನಾದ್ರೂ ಕೊಡು.”

ಇದಕ್ಕೆ ಕಾಯುತ್ತಿದ್ದವನು ಶಾಲಿನ ಗಂಟನ್ನು ಅವರ ತೊಡೆಯ ಮೇಲಿಟ್ಟ. ಮೇಷ್ಟ್ರು ಬಿಚ್ಚಿದರು, ಮೂಸಿದರು. ಬೆರಳು ಅಂಚಿನ ಗೀರು ದಾಟಿ, ತಗಡಿನ ಬಾಗು ದಾಟಿ, ಹಿಂಬದಿಯ ಮೂಲೆಗೆ ಬಂದು ನಿಂತಿತು. ಮತ್ತೊಮ್ಮೆ ಸವರಿತು. ಮತ್ತೊಮ್ಮೆ. ಮುಖದ ಬಣ್ಣ ಇಳಿಯಿತು. ಬುಸೈನಾ ಸೆರಗಿನಂತೆ ಹೊದ್ದ ವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. ಮೇಷ್ಟ್ರದು ದುಃಖ ಎಂದುಕೊಂಡ ವಗೀಹ್, ಮತ್ತು ತಾನು ತಂದಿದ್ದ ಹೊಸ ಫೋನನ್ನು ಮುಂದಿಟ್ಟ. “ಇದೂ ಓದಿ ಹೇಳುತ್ತೆ. ಈಗಿನ ಧ್ವನಿ, ಬಹಳ ಸ್ಪಷ್ಟ.”

ಫೋನು ಉತ್ಸಾಹದಿಂದ ಸಮಯ ಹೇಳಿತು. “ಇವಳು ವಿಮಾನ ನಿಲ್ದಾಣದ ಹೆಂಗಸು” ಎಂದರು ಮೇಷ್ಟ್ರು. “ಆರಿಸು.”

ಅಫಾಫ್ ಈಗ ವಗೀಹನ ಮನೆಯಲ್ಲಿದ್ದಳು. ಹಲ್ಲಿನ ಮೇಲಿನ ಪಾಲಿಶ್ ಒರೆಸಿ, ಕಾರ್ಡನ್ನು ಅವಳಿಗೆಂದೇ ಸಿದ್ಧಮಾಡಿಟ್ಟ ಹಳೆಯ ಯಂತ್ರಕ್ಕೆ ಚುಚ್ಚಿದ. ಒಂಟಿ ಗಂಡಸಿನ ಮನೆ. ಅಂದು ಅದನ್ನು ಗುಡಿಸಿದ್ದ, ಒಗೆದ ಅಂಗಿ ತೊಟ್ಟಿದ್ದ, ಕೇಳಿದರೆ ನಗು ಬರುತ್ತದೆ, ಸೆಂಟೂ ಹಾಕಿಕೊಂಡಿದ್ದ. ಕೂತು, ತನ್ನ ಹೆಸರು ಟೈಪು ಮಾಡಿದ.

“ವಜೀಹ್” ಎಂದಳು ಅಫಾಫ್.

ಅವನು ಮತ್ತೆ ಟೈಪು ಮಾಡಿದ. “ವಜೀಹ್.” ಈಜಿಪ್ಟಿನಲ್ಲಿ ಹೆತ್ತ ತಾಯಿಯಿಂದ ಹಿಡಿದು ಬೀದಿಯ ಬೀನ್ಸ್ ಮಾರುವವನವರೆಗೆ ಎಲ್ಲರಿಗೂ ಅವನು ವಗೀಹ್. ‘ಜ’ ಎನ್ನುವುದು ಪುಸ್ತಕದ ಅರಬ್ಬಿ, ಸುದ್ದಿಯ ಅರಬ್ಬಿ, ನ್ಯಾಯಾಲಯದಲ್ಲಿ ಹೆಸರು ಕೂಗುವವರ ಅರಬ್ಬಿ. ಶಾಲೆಯ ಪಾಠ ಓದುವ ಕಾರ್ಡಿದು, ಮನೆಮಾತಿನ ‘ಗ’ ಬೇಡ, ಗ್ರಂಥದ ಹಾಗೆ ‘ಜ’ ಎನ್ನಿ ಎಂದು ಅವಳಿಗೆ ಹೇಳಿಕೊಟ್ಟವನು ತಾನೇ. ಅವಳು ವಿಧೇಯಳಾಗಿ ಹಾಗೇ ಹೇಳಿದ್ದಳು. ಆ ಚಿಪ್ಪುಗಳಲ್ಲಿ ‘ಗ’ ಎಂಬ ಸದ್ದೇ ಇರಲಿಲ್ಲ. ಚಹಾ ಲೋಟ ಹಿಡಿದು “ವಗೀಹ್, ಸಕ್ಕರೆ ಜಾಸ್ತಿ” ಎನ್ನುತ್ತಿದ್ದವಳು ಅಲ್ಲಿ ಇರಲೇ ಇಲ್ಲ. ಬಯೂಮಿ ಎಂದು ಟೈಪು ಮಾಡಿದ. “ಬಯೂಮಿ” ಎಂದಳು, ಎಷ್ಟು ಸಲೀಸಾಗಿ.

ಮುಂದಿನ ದಿನಗಳಲ್ಲಿ ಅವಳಿಂದ ಏನೇನೋ ಹೇಳಿಸಿದ. ಕ್ಷಮಿಸಿ ಎಂದು ಹೇಳಿಸಿದ, ಹೇಳಿದಳು. ನಿಮ್ಮನ್ನೇ ಪ್ರೀತಿಸಿದ್ದೆ ಎಂದು ಹೇಳಿಸಿದ. ಗೋಧಿಯ ಬೆಲೆ ಓದುವ ಅದೇ ಧಾಟಿಯಲ್ಲಿ ಅದನ್ನೂ ಹೇಳಿ, ಮುಂದಿನ ಸಾಲಿಗೆ ಕಾದಳು. ಆ ಕಾಯುವಿಕೆ ಅವನಿಗೆ ಹೆದರಿಕೆ ಹುಟ್ಟಿಸಿತು. ಇವಳು ಏನು ಬರೆದರೂ ಹೇಳುತ್ತಾಳೆ. ಏನು ಬರೆದರೂ. ಒಂದು ಮಧ್ಯಾಹ್ನ ಅವನಿಗೇ ತಿಳಿಯದಂತೆ ಬೆರಳು, ‘ಇಂದು ಬದನೆಕಾಯಿ ಕಹಿಯಾಗಿತ್ತು’ ಎಂದು ಟೈಪು ಮಾಡಿತ್ತು. ಆ ಒಂದು ವಾಕ್ಯವನ್ನು ಮಾತ್ರ ಅವಳು ಮನುಷ್ಯಳಂತೆ ಹೇಳಿದಳು ಎಂದು ಅವನಿಗೆ ಅನಿಸಿತು. ಯಂತ್ರ ಆರಿಸಿ, ಮೇಲೆ ಟವೆಲು ಮುಚ್ಚಿದ. ಆಮೇಲೂ ಕಿವಿಯಲ್ಲಿ ‘ವಜೀಹ್’ ಎಂದು ಯಾರೋ ಅಪರಿಚಿತರನ್ನು ಕರೆದಂತೆ ಕರೆಯುವುದು ನಿಲ್ಲಲಿಲ್ಲ. ಅಂಗಡಿಯಲ್ಲಿ ಕೇಳಿಸಿತು, ಟ್ರಾಮಿನಲ್ಲಿ ಕೇಳಿಸಿತು.

ಬುಸೈನಾ ಫೋನು ಮಾಡಿದಳು. “ಇಂಜಿನಿಯರ್ ಸಾಹೇಬ್ರೇ, ಶುಕ್ರವಾರ ಊಟಕ್ಕೆ ಬನ್ನಿ. ಅಣ್ಣ ಕರೀತಿದಾರೆ. ಮಾತೇ ಬಿಟ್ಟಿದಾರೆ, ಟೈಪೂ ಮಾಡಲ್ಲ, ಆ ಸುಟ್ಟ ಹಲಗೆ ಹಿಡ್ಕೊಂಡು ಕೂತಿರ್ತಾರೆ.”

ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋದ. ಬುಸೈನಾ ಮೀನು ಹುರಿದಿದ್ದಳು, ಬದನೆಕಾಯಿಯನ್ನೂ ಮಾಡಿದ್ದಳು. ಮೇಷ್ಟ್ರು ಬಿಳಿ ಅಂಗಿ ತೊಟ್ಟು, ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕೂತಿದ್ದರು. ಊಟಕ್ಕೆ ಏಳಲಿಲ್ಲ.

“ಮೊದಲು ನೀನು ಕಾರ್ಡು ಅದಲುಬದಲು ಮಾಡ್ಕೊಂಡಿದ್ಯ ಅಂದ್ಕೊಂಡೆ” ಎಂದರು ಮೆತ್ತಗೆ. “ಅಂಗಡಿ ತುಂಬಾ ಅಂಥವೇ ಇವೆ. ನೆನಪಾಗಿ ನೀನೇ ತರ್ತೀಯ ಅಂತ ಕಾದೆ.”

“ಏನು ಹೇಳ್ತಿದ್ಯ ಬಯೂಮಿ? ಅದೇ ಕಾರ್ಡಲ್ವಾ ಅದು? ಆ ಮೂಲೆ ಮುಟ್ಟಿ ನೋಡು, ಅವಳು ಹಾಕಿದ ಹನಿ—”

“ಮುಟ್ಟಿದೆ. ಈ ಮೂಲೆ ಖಾಲಿ ಇದ್ದಿದ್ರೆ ಮರೆವು ಅಂದ್ಕೊಂಡು ಸುಮ್ಮನಾಗ್ತಿದ್ದೆ ಕಣೋ. ಹನಿ ಇವೆ. ಅದಕ್ಕೇ ಗೊತ್ತಾಯ್ತು.” ಮೇಷ್ಟ್ರು ಕೈ ಚಾಚಿ, ತಡಕಾಡಿ, ವಗೀಹನ ಹೆಬ್ಬೆರಳು ಹಿಡಿದು ಆ ತವರದ ಮುದ್ದೆಗಳ ಮೇಲೆ ಒತ್ತಿದರು. ಕೋಪವಿರಲಿಲ್ಲ, ಪಾಠ ಹೇಳಿಕೊಡುವವರ ಹಿಡಿತ. “ಅವತ್ತು ಶಾಲೆಯಲ್ಲಿ, ಯಾರೂ ಹೇಳದೆ ಅವಳ ಹೆಸರು ನಂಗೆ ಹೇಗೆ ಗೊತ್ತಾಯ್ತು ಅಂತ ನೀನು ಯಾವತ್ತೂ ಕೇಳ್ಲಿಲ್ಲ. ಈ ಕಾರ್ಡು ಯಾವ ಕುರುಡನ ಕೈಗೆ ಹೋಗುತ್ತೋ, ಮಾತಾಡ್ತಿರೋದು ಯಾರು ಅಂತ ಅವನಿಗೆ ತಿಳೀಲಿ ಅಂತ, ಒಂದು ಬ್ರೈಲ್ ಪುಸ್ತಕ ತಂದು ನಾಲ್ಕಕ್ಷರ ಕಲಿತಿದ್ಲು ಹುಡುಗಿ. ನಿನ್ನ ಬೋರ್ಡಿನ ತೂತುಗಳ ಅಂತರವೂ ಬ್ರೈಲಿನ ಅಂತರವೂ ಒಂದೇ ಅಂತೆ, ಅವಳೇ ಹೇಳಿದ್ದು. ಆ ಮೂಲೆಯಲ್ಲಿ ‘ಅಫಾಫ್’ ಅಂತ ಬರೆದಿದ್ಲು. ನಿನ್ನ ಈ ಹನಿಗಳು ಏನೂ ಹೇಳಲ್ಲ.” ವಗೀಹನ ಹೆಬ್ಬೆರಳು ಆ ಮುದ್ದೆಗಳ ಮೇಲೇ ಉಳಿಯಿತು. ಮೇಷ್ಟ್ರು ಉಣ್ಣೆಯ ಶಾಲನ್ನು ಮಡಿಸಿ ಅವನ ಕೈಗಿಟ್ಟು, “ಹೊರಗೆ ಚಳಿಯಿದೆ. ಇದರಲ್ಲಿ ಸುತ್ತಿ ಅವಳನ್ನ ಮನೆಗೆ ಕರ್ಕೊಂಡು ಬಾ” ಎಂದರು.